‘ಒಟ್ಟು’ ಕ್ರಿಯಾಪದದ ಅರ್ಥ ಮತ್ತು ಮೂಲ: ರೋಣ, ನರಗುಂದ, ಗಜೇಂದ್ರಗಡದ ಬಳಕೆಯ ಹಿನ್ನೆಲೆಯಲ್ಲಿ

ಇಂದಿನ ಬರಹದ ಕನ್ನಡದಲ್ಲಿ ‘ಒಟ್ಟು’ ಎಂಬುದು ಬಹುಮಟ್ಟಿಗೆ ಮೊತ್ತವನ್ನು ಸೂಚಿಸುವ ನಾಮಪದ. ‘ಒಟ್ಟಿಗೆ’, ‘ಒಟ್ಟಾರೆ’, ‘ಒಟ್ಟಿನಲ್ಲಿ’ ಎಂಬ ರೂಪಗಳು ಅದರಿಂದಲೇ ಆದವು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಆಡುಮಾತಿನಲ್ಲಾದರೋ ಅದು ಇನ್ನೂ ಜೀವಂತ ಕ್ರಿಯಾಪದ. ಪದದ ಮೂಲಾರ್ಥವನ್ನು ನಿರ್ಣಯಿಸಲು ಈ ಬಳಕೆಯೇ ಮುಖ್ಯ ಆಧಾರವೆಂಬುದು ಪ್ರಸ್ತುತ ಲೇಖನದ ವಾದ.

ಎರೆಭೂಮಿಯ ಈ ಸೀಮೆಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ತೆನೆ ಮುರಿದ ಕಣಿಕೆಯನ್ನು ಸಿವುಡು ಕಟ್ಟಿ ಬಣವೆ ಹಾಕುತ್ತಾರೆ. ಆಗ ಕೇಳುವ ಮಾತು ‘ಬಣವಿ ಒಟ್ಟ್ಯಾರ’. ಒಣಗಿದ ಕುಳ್ಳನ್ನೂ ಹೀಗೆಯೇ ‘ಒಟ್ಟು’ತ್ತಾರೆ. ಕಾಳಿಗಾದರೆ ‘ರಾಶಿ ಮಾಡು’, ಹಣಕ್ಕೂ ಜನಕ್ಕೂ ‘ಕೂಡಿಸು’, ‘ಕೂಡು’. ಈ ವಿಂಗಡಣೆ ಆಕಸ್ಮಿಕವಲ್ಲ. ಕಾಳು ಸುರಿದರೆ ತಾನೇ ಗುಡ್ಡೆಯಾಗುತ್ತದೆ, ಕಣಿಕೆ ಹಾಗಲ್ಲ. ಸಿವುಡಿನ ಮೇಲೆ ಸಿವುಡು ಹೊಂದಿ ಕೂರದಿದ್ದರೆ ಬಣವೆ ಜಾರುತ್ತದೆ, ಮಳೆನೀರು ಒಳಗಿಳಿದು ಮೇವು ಕೊಳೆಯುತ್ತದೆ. ಆದ್ದರಿಂದ ‘ಒಟ್ಟು’ ಎಂದರೆ ಬರಿಯ ಸಂಗ್ರಹವಲ್ಲ. ಒಂದಕ್ಕೊಂದು ತಾಗಿ ನಿಲ್ಲುವಂತೆ ಮೇಲಿಂದ ಮೇಲೆ ಇಡುವುದು.

ಈ ಪದವನ್ನು ‘ಒಂದು’ ಎಂಬ ಸಂಖ್ಯಾವಾಚಕದಿಂದ ಸಾಧಿಸುವುದು ಅರ್ಥದೃಷ್ಟಿಯಿಂದ ಆಕರ್ಷಕ. ಆದರೆ ಧ್ವನಿನಿಯಮ ಅದಕ್ಕೆ ಒಪ್ಪದು. ತಮಿಳಿನ ‘ಱ್ಱ’ಕಾರಕ್ಕೆ ಕನ್ನಡದಲ್ಲಿ ದಂತ್ಯ ‘ತ್ತ’ಕಾರ ಬರುತ್ತದೆ: ‘ಚುಱ್ಱು’–‘ಸುತ್ತು’, ‘ಪಱ್ಱು’–‘ಪತ್ತು’. ಏಕತೆಯನ್ನು ಹೇಳುವ ತಮಿಳಿನ ‘ಒಱ್ಱುಮೈ’ಯಲ್ಲಿರುವುದು ಈ ‘ಱ್ಱ’ಕಾರವೇ. ಅದಕ್ಕೆ ಸಮನಾದ ಕನ್ನಡ ರೂಪ ‘ಒತ್ತು’ ಎಂದಾಗಬೇಕಿತ್ತೇ ಹೊರತು ‘ಒಟ್ಟು’ ಎಂದಲ್ಲ. ಮೂರ್ಧನ್ಯ ‘ಟ್ಟ’ಕಾರವಾದರೋ ಎರಡೂ ಭಾಷೆಗಳಲ್ಲಿ ಹಾಗೆಯೇ ಉಳಿಯುತ್ತದೆ, ‘ಕಟ್ಟು’, ‘ತಟ್ಟು’ ಇದಕ್ಕೆ ನಿದರ್ಶನ. ಹೀಗಾಗಿ ಅಂಟು, ತಾಗು ಎಂಬರ್ಥದ ತಮಿಳಿನ ‘ಒಟ್ಟು’, ಮಲಯಾಳದ ‘ಒಟ್ಟುಕ’ ಎಂಬಿವುಗಳೇ ಇದರ ಸಮೀಪದ ಜ್ಞಾತಿಗಳೆನ್ನಬೇಕು. ಬಣವೆಯ ಕಟ್ಟಣೆ ಈ ಸಂಬಂಧವನ್ನು ಕಣ್ಣಿಗೆ ಕಾಣಿಸುತ್ತದೆ.

ತಾಗು, ತಾಗಿಸಿ ಪೇರಿಸು, ಪೇರಿಸಿದ ರಾಶಿ, ಮೊತ್ತ: ಅರ್ಥವಿಕಾಸದ ಕ್ರಮ ಇದಾಗಿರಬೇಕು. ರಾಶಿಯಿಂದ ಪರಿಮಾಣಕ್ಕೆ ಸಾಗುವ ಕೊನೆಯ ಹೆಜ್ಜೆಗೆ ಗಣಿತದ ಪರಿಭಾಷೆಯಲ್ಲಿ ಸಂಸ್ಕೃತ ‘ರಾಶಿ’ ಪದ ಪಡೆದ ಅರ್ಥವೇ ಸಾದೃಶ್ಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವೂ ಪೇರಿಸುವ ಅರ್ಥವನ್ನು ದಾಖಲಿಸಿದೆ. ಆದರೆ ಯಾವ ವಸ್ತುವನ್ನು ಒಟ್ಟುತ್ತಾರೆ, ಯಾವುದನ್ನು ಒಟ್ಟುವುದಿಲ್ಲ ಎಂಬ ವಿವೇಕ ತಿಳಿಯುವುದು ಕಣದ ಮಾತಿನಿಂದ. ಬಣವೆಗಳು ವಿರಳವಾದಂತೆ ಆ ಸಾಕ್ಷ್ಯವೂ ಕರಗುತ್ತದೆ; ಉಳಿಯುವುದು ಲೆಕ್ಕದ ‘ಒಟ್ಟು’ ಮಾತ್ರ.