10-6-6-5ರ ಆಚೆಗೆ ಸುನಿಲ್ ಜೋಶಿ

ಸುನಿಲ್ ಜೋಶಿ ಅಂದಕೂಡಲೇ ಕ್ರಿಕೆಟ್ ಬಲ್ಲವರು ಹೇಳೋದು ಒಂದೇ ಲೆಕ್ಕ: 10-6-6-5. 1999ರ ಸೆಪ್ಟೆಂಬರ್ 26, ನೈರೋಬಿ, ಎಲ್‌ಜಿ ಕಪ್. 10 ಓವರ್, ಅದರಲ್ಲಿ 6 ಮೇಡನ್, ಬರೇ 6 ರನ್, 5 ವಿಕೆಟ್. ಗಿಬ್ಸ್, ಕ್ರೋನಿಯೆ, ಜಾಂಟಿ ರೋಡ್ಸ್, ಪೊಲಾಕ್ ಎಲ್ಲರೂ ಅವರಿಗೇ ಔಟಾದರು. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಆ 60 ಎಸೆತ ಅದ್ಭುತವೇ. ಆದರೆ ಅಷ್ಟನ್ನೇ ನೆನಪಿಟ್ಟುಕೊಂಡರೆ ಮನುಷ್ಯನನ್ನು ಅರ್ಧ ಮರೆತಂಗೆ.

ಜೋಶಿ 1970ರಲ್ಲಿ ಗದಗದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ನಸುಕಿನಲ್ಲೇ ಎದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಮತ್ತೆ ಗದಗಕ್ಕೆ ಬರ್ತಿದ್ದರು. ಆಳಂದ ತಾಲ್ಲೂಕಿನ ಮಟಕಿಯಂಥ ಊರಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಏನೇ ಕಲೀಬೇಕಂದ್ರೂ ಮೊದಲು ಬಸ್ ಹಿಡೀಬೇಕು.

1995-96ರ ಒಂದೇ ರಣಜಿ ಋತುವಿನಲ್ಲಿ ಅವರು 529 ರನ್ ಹೊಡೆದು 52 ವಿಕೆಟ್ ಕಿತ್ತರು. ಕರ್ನಾಟಕ ಚಾಂಪಿಯನ್ ಆಯಿತು. 1996ರ ಜೂನ್ 6ರಂದು, ತಮ್ಮ 26ನೇ ಹುಟ್ಟುಹಬ್ಬದ ದಿನವೇ, ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಶ್ರೀನಾಥ್, ಕುಂಬ್ಳೆ, ವೆಂಕಟೇಶ ಪ್ರಸಾದ್ ಜೊತೆ ಇವರೂ ಸೇರಿ ಆ ತಂಡದಲ್ಲಿ ನಾಲ್ವರು ಕರ್ನಾಟಕದವರು.

ಆದರೆ ಕಷ್ಟ ಇದ್ದದ್ದೂ ಅಲ್ಲೇ. ವಿದೇಶದಲ್ಲಿ ತಂಡಕ್ಕೆ ಸಾಮಾನ್ಯವಾಗಿ ಒಬ್ಬನೇ ಸ್ಪಿನ್ನರ್ ಸಾಕು, ಆ ಜಾಗ ಕುಂಬ್ಳೆಯದು. ಉಳಿದ ಜಾಗಕ್ಕೆ ವೆಂಕಟಪತಿ ರಾಜು, ನೀಲೇಶ್ ಕುಲಕರ್ಣಿ, ಮುರಳಿ ಕಾರ್ತಿಕ್ ಅಂತ ಎಡಗೈ ಸ್ಪಿನ್ನರ್‌ಗಳ ಸಾಲು. 2000ದ ನವೆಂಬರ್‌ನಲ್ಲಿ ಢಾಕಾದಲ್ಲಿ, ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ, ಜೋಶಿ 92 ರನ್ ಹೊಡೆದು ಎಂಟು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಆದರೂ ಆ ವರ್ಷ ಮುಗಿಯುವ ಹೊತ್ತಿಗೆ ಅವರ ಟೆಸ್ಟ್ ಬದುಕು ಮುಗಿದಿತ್ತು. ಒಟ್ಟು 15 ಟೆಸ್ಟ್, 41 ವಿಕೆಟ್.

ಈಗ ಇನ್ನೊಂದು ಲೆಕ್ಕ ನೋಡ್ರಿ. ಪ್ರಥಮ ದರ್ಜೆಯಲ್ಲಿ ಅವರದು 160 ಪಂದ್ಯ, 615 ವಿಕೆಟ್. ಟೆಸ್ಟ್ ಕಳೆದರೆ 145 ಪಂದ್ಯ, 574 ವಿಕೆಟ್. ಇವುಗಳಲ್ಲಿ ಹೆಚ್ಚಿನವು ಟಿವಿಯಲ್ಲಿ ಬಾರದ, ಪ್ರೇಕ್ಷಕರೂ ಅಷ್ಟಾಗಿ ಇಲ್ಲದ ಮೈದಾನಗಳಲ್ಲಿ ಬಂದವು. ಭಾರತ ತಂಡದ ಬಾಗಿಲು ಮುಚ್ಚಿದ ಮೇಲೂ ವರ್ಷಗಟ್ಟಲೆ ಅವರು ಬೌಲ್ ಮಾಡುತ್ತಲೇ ಇದ್ದರು. ನಿವೃತ್ತಿ ಘೋಷಿಸಿದ್ದು 2012ರಲ್ಲಿ.

2020ರ ಮಾರ್ಚ್‌ನಲ್ಲಿ ಅವರೇ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು, ಆ ವರ್ಷದ ಕೊನೆಯವರೆಗೆ ಮಾತ್ರ. ಅಷ್ಟರಲ್ಲೇ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡ ಆರಿಸಿದರು. ಅದರಲ್ಲಿ ಹೈದರಾಬಾದಿನ ಆಟೊ ಚಾಲಕರ ಮಗ ಸಿರಾಜ್ ಇದ್ದ. ಹೆಚ್ಚುವರಿ ಬೌಲರ್ ಆಗಿ ಸೇಲಂ ಹತ್ತಿರದ ಚಿನ್ನಪ್ಪಂಪಟ್ಟಿ ಎಂಬ ಹಳ್ಳಿಯ ನಟರಾಜನ್ ಹೊರಟ. 2021ರ ಜನವರಿಯಲ್ಲಿ ಭಾರತ ಗಾಬಾ ಗೆದ್ದಾಗ ಸಿರಾಜ್ ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ತೆಗೆದಿದ್ದ, ನಟರಾಜನ್ ಮೊದಲನೆಯದರಲ್ಲಿ ಮೂರು. ಅಷ್ಟೊತ್ತಿಗೆ ಜೋಶಿ ಕುರ್ಚಿಯಿಂದ ಇಳಿದಾಗಿತ್ತು.