ಉತ್ತರ ಬೆಂಗಳೂರಿನಲ್ಲಿ ಆಕ್ಯುಪ್ರೆಶರ್: ಮೂರು ಮೂಲ, ಒಂದು ಹೆಸರು

ಯಲಹಂಕದಿಂದ ಯಶವಂತಪುರದವರೆಗಿನ ಬಡಾವಣೆಗಳಲ್ಲಿ ಆಕ್ಯುಪ್ರೆಶರ್ ಮೂರು ರೂಪದಲ್ಲಿ ಕಣ್ಣಿಗೆ ಬೀಳುತ್ತದೆ. ಉದ್ಯಾನದ ಮೂಲೆಯಲ್ಲಿ ಉರುಟು ಕಲ್ಲು ಹುದುಗಿಸಿದ ಕಾಲುದಾರಿ; ಅಂಗಡಿಯಲ್ಲಿ ಮೊನೆಮೊನೆಯಾದ ಮರದ ರೋಲರ್, ಅದರ ಜೊತೆ ಅಂಗಾಲಿನ ಬಣ್ಣದ ಚಿತ್ರಪಟ; ಮನೆಯಲ್ಲಿ ತಲೆನೋವು ಬಂದಾಗ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿಕೊಳ್ಳುವ ರೂಢಿ. ಮೂರಕ್ಕೂ ಹೆಸರು ಒಂದೇ, ಹುಟ್ಟಿದ ಊರು ಮಾತ್ರ ಬೇರೆ ಬೇರೆ. ಈ ಚಿಕಿತ್ಸೆಯಿಂದ ಗುಣವಾಗುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟು ವರ್ಷವಾದರೂ ನೇರ ಉತ್ತರ ಸಿಗದಿರುವುದಕ್ಕೆ ಈ ಬೆರಕೆಯೇ ಮುಖ್ಯ ಕಾರಣ ಎಂಬುದು ನನ್ನ ವಾದ.

ಮೊದಲಿಗೆ ಪ್ರಾಚೀನತೆಯ ಮಾತು. ಆಕ್ಯುಪ್ರೆಶರ್ ಭಾರತದಲ್ಲೇ ಹುಟ್ಟಿತು, ಸುಶ್ರುತನೇ ಅದಕ್ಕೆ ಸಾಕ್ಷಿ ಎಂದು ಜನಪ್ರಿಯ ಕೈಪಿಡಿಗಳು ಹೇಳುತ್ತವೆ. ಸುಶ್ರುತ ಸಂಹಿತೆಯ ಶಾರೀರಸ್ಥಾನ 107 ಮರ್ಮಗಳನ್ನು ವಿವರಿಸುವುದು ನಿಜ. ಆದರೆ ಅಲ್ಲಿನ ವಿಂಗಡಣೆಯನ್ನು ಓದಿದರೆ ಉದ್ದೇಶ ತಿಳಿಯುತ್ತದೆ: ಪೆಟ್ಟು ಬಿದ್ದರೆ ಕೂಡಲೇ ಪ್ರಾಣ ಹೋಗುವಂಥವು 19, ಕೆಲ ಕಾಲದ ಮೇಲೆ ಸಾವು ತರುವಂಥವು 33, ಒಳಹೊಕ್ಕ ಶಲ್ಯ (ಬಾಣದ ಮೊನೆಯಂಥದ್ದು) ಕಿತ್ತರೆ ಸಾಯಿಸುವಂಥವು 3, ಅಂಗವಿಕಲಗೊಳಿಸುವಂಥವು 44, ಬರೀ ನೋವು ಕೊಡುವಂಥವು 8. ಇದು ಶಸ್ತ್ರವೈದ್ಯನಿಗೆ ‘ಇಲ್ಲಿ ಕತ್ತಿ ಆಡಿಸಬೇಡ’ ಎಂದು ಕೊಟ್ಟ ಎಚ್ಚರಿಕೆಯ ಪಟ್ಟಿ. ಒತ್ತಿ ರೋಗ ಕಳೆಯುವ ವಿಧಾನವನ್ನು ಅದರಲ್ಲಿ ಹುಡುಕುವುದು ಸುಶ್ರುತನಿಗೇ ಅನ್ಯಾಯ.

ಸೂಜಿ ಚುಚ್ಚುವ ಅಥವಾ ಒತ್ತುವ ಚೀನಾದ ಬಿಂದುಗಳು ನಮ್ಮ ದೇಶಕ್ಕೆ ಬಂದ ದಾರಿ ದಾಖಲಾಗಿದೆ. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್ ಒಬ್ಬರು, ಕಲ್ಕತ್ತೆಯ ಬಿಜಯ್ ಕುಮಾರ್ ಬಸು ಮತ್ತೊಬ್ಬರು. ಗಡಿ ಕನ್ನಡಿಗರಿಗೆ ಪರಿಚಿತವಾದ ಸೊಲ್ಲಾಪುರದ ಕೋಟ್ನೀಸ್ ಹೆಸರು ಇಂದು ಲುಧಿಯಾನದ ಆಕ್ಯುಪಂಕ್ಚರ್ ಆಸ್ಪತ್ರೆಯ ಮೇಲೂ ಇದೆ. ಆದರೆ ಕೋಟ್ನೀಸ್ ಸರ್ಜನ್. 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. ಆಕ್ಯುಪಂಕ್ಚರ್ ಕಲಿತವರು ಬಸು. 1958ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು ಬಂದು, ಕಲ್ಕತ್ತೆಯಲ್ಲಿ ಸೂಜಿ ಚಿಕಿತ್ಸೆ ಶುರುಮಾಡಿದರು. ಸೂಜಿಯ ಬದಲು ಬೆರಳು ಬಳಸಿದರೆ ಆಕ್ಯುಪ್ರೆಶರ್. ಜಪಾನಿನಲ್ಲಿ ತೊಕುಜಿರೊ ನಮಿಕೋಶಿ ಬೆಳೆಸಿದ ಶಿಯಾತ್ಸು ಕೂಡ ಬೆರಳೊತ್ತಿನ ಪದ್ಧತಿಯೇ.

ಅಂಗಾಲಿನ ಚಿತ್ರಪಟ ಈ ವಂಶದ್ದಲ್ಲ, ಅಮೆರಿಕದ್ದು. ಕನೆಕ್ಟಿಕಟ್‌ನ ಕಿವಿ-ಮೂಗು-ಗಂಟಲು ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ 1917ರಲ್ಲಿ ಎಡ್ವಿನ್ ಬೋವರ್ಸ್ ಜೊತೆ ಸೇರಿ ‘ಝೋನ್ ಥೆರಪಿ’ ಎಂಬ ಪುಸ್ತಕ ತಂದ. ದೇಹವನ್ನು ಉದ್ದುದ್ದಕ್ಕೆ ಹತ್ತು ಪಟ್ಟಿಗಳಾಗಿ ಸೀಳಿ, ಬೆರಳ ತುದಿ ಒತ್ತಿದರೆ ಅದೇ ಪಟ್ಟಿಯ ಅಂಗಕ್ಕೆ ತಾಗುತ್ತದೆ ಎಂದ. ಯೂನಿಸ್ ಇಂಗಮ್ ಎಂಬಾಕೆ 1930ರ ದಶಕದಲ್ಲಿ ಅದನ್ನು ಅಂಗಾಲಿಗೆ ಇಳಿಸಿ, ಹೆಬ್ಬೆರಳಲ್ಲಿ ತಲೆ, ಪಾದದ ಒಳಅಂಚಿನಲ್ಲಿ ಬೆನ್ನುಮೂಳೆ, ಬಲಪಾದದಲ್ಲಿ ಯಕೃತ್ತು ಎಂದು ನಕ್ಷೆ ಬರೆದರು. ಈ ಪಟ್ಟಿಗಳಿಗೂ, ಪ್ರಾಣಶಕ್ತಿ ಹರಿಯುವ ದಾರಿಗಳೆಂದು ಹೇಳುವ ಚೀನಾದ ಮೆರಿಡಿಯನ್‌ಗಳಿಗೂ ಹೊಂದಾಣಿಕೆ ಇಲ್ಲ. 1980ರ ದಶಕದಲ್ಲಿ ಮುಂಬೈನ ದೇವೇಂದ್ರ ವೋರಾ ಬರೆದ ‘ಹೆಲ್ತ್ ಇನ್ ಯುವರ್ ಹ್ಯಾಂಡ್ಸ್’ ಹಲವು ಭಾರತೀಯ ಭಾಷೆಗಳಿಗೆ ಹೋಗಿ, ಅಂಗೈ-ಅಂಗಾಲಿನ ನಂಬರು ಹಾಕಿದ ಚಿತ್ರವನ್ನು ಮನೆಮಾತಾಗಿಸಿತು. ನಾವು ಇವತ್ತು ಆಕ್ಯುಪ್ರೆಶರ್ ಎಂದಾಗ ಕಣ್ಣಮುಂದೆ ಬರುವುದು ಆ ಚಿತ್ರವೇ.

ಮುಂದೆ ಮನ್ನಣೆಯ ಮಾತು. ಉತ್ತರ ಬೆಂಗಳೂರಿನ ಅಂಚಿನಲ್ಲಿ, ತುಮಕೂರು ರಸ್ತೆಯ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯ 1979ರಲ್ಲಿ ಶುರುವಾಯಿತು. ಉಜಿರೆಯ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು 1989ರಲ್ಲಿ. ಪ್ರಕೃತಿ ಚಿಕಿತ್ಸೆಯ ನೆರಳಲ್ಲಿ ಇಂಥ ಪದ್ಧತಿಗಳಿಗೆ ಕರ್ನಾಟಕದಲ್ಲಿ ಒಂದು ಗೌರವ ಸಿಕ್ಕಿತು. ಕೇಂದ್ರ ಸರ್ಕಾರ 2003ರ ಆದೇಶದಲ್ಲಿ ಆಕ್ಯುಪಂಕ್ಚರ್ ಅನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯಾಗಿ ಮನ್ನಿಸಿತು. ಆ ಮನ್ನಣೆ ಸೂಜಿಗೆ ಸಂದದ್ದು, ರೋಲರಿಗಲ್ಲ.

ಇನ್ನು ಪರಿಣಾಮದ ವಿಷಯ. ಗಟ್ಟಿ ಪುರಾವೆ ಇರುವುದು ಒಂದು ಬಿಂದುವಿಗೆ. ಅಂಗೈ ಮೇಲ್ಮುಖವಾಗಿಟ್ಟು, ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ತಮ್ಮದೇ ಮೂರು ಬೆರಳಿನಗಲ ಬಿಟ್ಟು, ಮುಷ್ಟಿ ಬಿಗಿದಾಗ ಎದ್ದು ಕಾಣುವ ಎರಡು ಸ್ನಾಯುರಜ್ಜುಗಳ ನಡುವೆ ಒತ್ತಬೇಕು. ಚೀನಾದವರ ‘ನೇಯ್‌ಗುವಾನ್’, ವೈದ್ಯರ ಬಾಯಲ್ಲಿ ಪಿ-6. ಬೆಲ್‌ಫಾಸ್ಟ್‌ನ ಅರಿವಳಿಕೆ ತಜ್ಞ ಜಾನ್ ಡಂಡಿ 1986ರಿಂದ ಇದನ್ನು ವಾಂತಿ ತಡೆಯಲು ಪರೀಕ್ಷಿಸಿ ವರದಿ ಮಾಡಿದರು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗುವ ಕೊಕ್ರೇನ್ ಸಂಸ್ಥೆಯ 2015ರ ವಿಮರ್ಶೆ 59 ಪ್ರಯೋಗಗಳ 7,667 ಜನರನ್ನು ಒಟ್ಟುಗೂಡಿಸಿ ನೋಡಿತು: ಹುಸಿ ಚಿಕಿತ್ಸೆಗೆ ಹೋಲಿಸಿದರೆ ಶಸ್ತ್ರಕ್ರಿಯೆಯ ನಂತರದ ಓಕರಿಕೆ ಸುಮಾರು ಮೂರನೇ ಒಂದರಷ್ಟು ಕಡಿಮೆ, ವಾಂತಿ ಇನ್ನೂ ತುಸು ಕಡಿಮೆ. ಸೂಜಿ, ಮಣಿಕಟ್ಟಿನ ಪಟ್ಟಿ, ಬೆರಳು ಎಲ್ಲವನ್ನೂ ಕೂಡಿಸಿದ ಲೆಕ್ಕ ಇದು, ಪುರಾವೆಯ ಗುಣಮಟ್ಟವೂ ಮೇಲ್ದರ್ಜೆಯದಲ್ಲ. ಆದರೂ ಇಷ್ಟು ಸಾಕ್ಷ್ಯ ಈ ಪದ್ಧತಿಯಲ್ಲಿ ಬೇರೆ ಯಾವ ಬಿಂದುವಿಗೂ ಇಲ್ಲ.

ನೋವಿನ ವಿಷಯ ಅರೆಬರೆ. ತೈವಾನ್‌ನಲ್ಲಿ ಸೊಂಟನೋವಿನ 129 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕ್ಯುಪ್ರೆಶರ್ ಗುಂಪು ಫಿಸಿಯೋಥೆರಪಿ ಗುಂಪಿಗಿಂತ ಮುಂದಿತ್ತು, ಆರು ತಿಂಗಳ ನಂತರವೂ. ಯಾವ ಚಿಕಿತ್ಸೆ ಸಿಗುತ್ತಿದೆ ಎಂದು ರೋಗಿಗಳಿಗೆ ಗೊತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಮುಟ್ಟಿನ ನೋವಿನ ಬಗ್ಗೆ 2016ರ ಕೊಕ್ರೇನ್ ವಿಮರ್ಶೆ 42 ಪ್ರಯೋಗ ನೋಡಿಯೂ ಖಚಿತವಾಗಿ ಏನೂ ಹೇಳಲಾಗದು ಎಂದಿತು. ಅಂಗಾಲಿನ ನಕ್ಷೆಗೆ, ಅಂದರೆ ರಿಫ್ಲೆಕ್ಸಾಲಜಿಗೆ, ಪರ್ಯಾಯ ಚಿಕಿತ್ಸೆಗಳ ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ 2009ರಲ್ಲಿ 18 ಪ್ರಯೋಗಗಳನ್ನು ಜಾಲಾಡಿ ನಂಬುವಂಥ ಪುರಾವೆ ಯಾವ ಕಾಯಿಲೆಗೂ ಇಲ್ಲ ಎಂದರು.

ಹೀಗಾಗಿ ಚೀನಾದ ಮಣಿಕಟ್ಟಿನ ಬಿಂದು ದುಡಿದು ತಂದ ಹೆಸರನ್ನು ಅಮೆರಿಕದ ಅಂಗಾಲಿನ ನಕ್ಷೆ ಖರ್ಚು ಮಾಡುತ್ತಿದೆ. ಅಂಗಾಲು ತಿಕ್ಕಿಸಿಕೊಂಡರೆ ಹಿತವಾಗುತ್ತದೆ, ನಿದ್ದೆ ಬರಬಹುದು; ಅಷ್ಟಕ್ಕೆ ತಕರಾರಿಲ್ಲ. ಪಾದದ ಮಧ್ಯೆ ಒತ್ತಿ ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆ, ಬಿ.ಪಿ. ಮಾತ್ರೆ ಬಿಡಿ ಎನ್ನುವಲ್ಲಿಗೆ ಅಪಾಯ ಶುರು.

ಕಲ್ಲಿನ ದಾರಿಯ ಕತೆ ಬೇರೆಯೇ. ಚೀನಾದ ಉದ್ಯಾನಗಳಲ್ಲಿ ಕಂಡ ರೂಢಿಯನ್ನು ಅಮೆರಿಕದ ಒರೆಗಾನ್ ಸಂಶೋಧನಾ ಸಂಸ್ಥೆಯವರು 60 ದಾಟಿದ 108 ಜನರ ಮೇಲೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. 16 ವಾರ ಕೃತಕ ಉರುಟುಕಲ್ಲಿನ ಚಾಪೆಯ ಮೇಲೆ ನಡೆದವರ ದೇಹದ ಸಮತೋಲ ಮಾಮೂಲಿ ವಾಕಿಂಗ್ ಮಾಡಿದವರಿಗಿಂತ ಸುಧಾರಿಸಿತು, ರಕ್ತದೊತ್ತಡವೂ ಇಳಿಯಿತು. ಇದಕ್ಕೆ ಬಿಂದು, ಮೆರಿಡಿಯನ್ ಏನೂ ಬೇಕಿಲ್ಲ. ಏರುಪೇರಿನ ನೆಲದಲ್ಲಿ ಪಾದ ಮತ್ತು ಮೊಣಕಾಲು ಹೆಚ್ಚು ಕೆಲಸ ಮಾಡುತ್ತವೆ ಎಂದರೂ ಸಾಕು. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಇದೇ ದಾರಿ ತೊಡಕು: ಕಲ್ಲು ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ. ಅಂಥವರು ಚಪ್ಪಲಿ ಬಿಡದೆ ಪಕ್ಕದ ಮಣ್ಣಿನ ದಾರಿಯಲ್ಲೇ ನಡೆಯಬೇಕು.