ಶಿಸ್ತು ಕಲಿಸಿದವರು ಯಾರು?

ಶಿಸ್ತು ಎಂದೊಡನೆ ಇಂದು ನೆನಪಾಗುವುದು ಶಾಲೆಯ ಸಾಲು, ಪೊಲೀಸರ ಕವಾಯತು ಅಥವಾ ಮಕ್ಕಳಿಗೆ ಹಿರಿಯರು ಹೇಳುವ ಬುದ್ಧಿಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಲೆಕ್ಕಪತ್ರಗಳಲ್ಲಿ ಈ ಪದದ ಅರ್ಥವೇ ಬೇರೆ. ಅಲ್ಲಿ ಶಿಸ್ತು ಎಂದರೆ ಭೂಮಿಯ ಮೇಲೆ ಗೊತ್ತುಮಾಡಿದ ಕಂದಾಯ. ಇಂಥ ಗದ್ದೆಗೆ ಇಷ್ಟು ಶಿಸ್ತು, ಇಂಥ ತೋಟಕ್ಕೆ ಇಷ್ಟು ಶಿಸ್ತು ಎಂದು ಬರೆಯುತ್ತಿದ್ದರು. ಕೆಳದಿಯ ಅರಸು ಶಿವಪ್ಪ ನಾಯಕನ (1645-1660) ಹೆಸರಿನೊಂದಿಗೆ ಈ ಮಾತು ಅಂಟಿಕೊಂಡಿದೆ.

ಕೆಳದಿ, ಇಕ್ಕೇರಿಗಳು ಇಂದಿನ ಸಾಗರ ತಾಲ್ಲೂಕಿನಲ್ಲಿವೆ. ಮೂರನೆಯ ರಾಜಧಾನಿಯಾದ ಬಿದನೂರು, ಅಂದರೆ ಈಗಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಕವಲೇದುರ್ಗದ ಕೋಟೆ ತೀರ್ಥಹಳ್ಳಿಗೆ ಸೇರಿದ್ದು. ಮಲೆನಾಡಿನ ಈ ಮೂಲೆಯಿಂದ ಹೊರಟ ಆಡಳಿತ ಘಟ್ಟದ ಕೆಳಗಿನ ಕರಾವಳಿಯವರೆಗೂ ಹಬ್ಬಿತ್ತು. ಅಷ್ಟು ದೂರದ ಊರುಗಳು ಒಂದೇ ಲೆಕ್ಕದ ಮಾತಿನಲ್ಲಿ ಅರಮನೆಗೆ ಉತ್ತರ ಕೊಡಬೇಕಿತ್ತು. ಒಂದೇ ಸಂಸ್ಥೆಯಲ್ಲಿ ದುಡಿಯುವವರೆಲ್ಲರೂ ಒಂದೇ ಪರಿಭಾಷೆ ಕಲಿಯಬೇಕು, ಅದನ್ನು ಕಲಿಸುವವರನ್ನೂ ತಯಾರು ಮಾಡಬೇಕು ಎಂಬುದು ಇಂದಿನ ಆಡಳಿತ ತಜ್ಞರ ಮೆಚ್ಚಿನ ಮಾತು. ಶಿವಪ್ಪ ನಾಯಕನ ಎದುರಿಗಿದ್ದ ತೊಡಕೂ ಹೆಚ್ಚು ಕಡಿಮೆ ಅದೇ.

ಶಿಸ್ತಿನ ಕ್ರಮವನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ವಿವರವಾಗಿ ಕೊಟ್ಟಿದ್ದಾರೆ. ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ತರಗಳಾಗಿ ವಿಂಗಡಿಸಲಾಯಿತು. ಒಂದೊಂದು ಊರಿನಲ್ಲಿಯೂ ಒಂದೊಂದು ತರದ ಗದ್ದೆಯನ್ನು ಸರ್ಕಾರವೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ, ಅದರ ಬೆಲೆ ಇವೆಲ್ಲವನ್ನೂ ಬರೆದಿಡಿಸಿತು. ಅದರ ಸರಾಸರಿ ಹಿಡಿದು ಒಟ್ಟು ಹುಟ್ಟುವಳಿಯ ಸುಮಾರು ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಲಾಯಿತು. ಅಡಿಕೆ ತೋಟಗಳನ್ನು ಅಳೆಯಲು ಒಂದು ಕೋಲು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲುಮೆಟ್ಟಿಲಿನ ಉದ್ದವೇ ಆ ಕೋಲಿನ ಉದ್ದ, ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಒಂದು ಮರಕ್ಕೆ ಇಷ್ಟು ಜಾಗ, ಅದಕ್ಕೆ ‘ದಾಯ’ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ವರಹ ಎಂಬುದು ತೋಟದ ಶಿಸ್ತು.

ಈ ಮೆಟ್ಟಿಲಿನ ಸಂಗತಿ ಸಣ್ಣದೆಂದು ತೋರಬಹುದು, ಆದರೆ ಇಡೀ ವ್ಯವಸ್ಥೆಯ ಜಾಣತನ ಇರುವುದೇ ಇಲ್ಲಿ. ಮರದ ಕೋಲನ್ನು ಮೋಟು ಮಾಡಬಹುದು, ಉದ್ದ ಮಾಡಬಹುದು. ದೇವಸ್ಥಾನದ ಕಲ್ಲನ್ನು ರಾತ್ರೋರಾತ್ರಿ ಬದಲಿಸಲು ಬಾರದು. ಅನುಮಾನ ಬಂದವನು ಇಕ್ಕೇರಿಗೆ ಹೋಗಿ ಅಳೆದು ನೋಡಬಹುದಿತ್ತು. ಅಕ್ಷರ ಬಾರದವನಿಗೂ ತಿಳಿಯುವ ಪ್ರಮಾಣ ಅದು.

ಗದ್ದೆಯ ಮಾತು ಅಷ್ಟು ಸಲೀಸಾಗಿರಲಿಲ್ಲ. ಗದ್ದೆಯನ್ನು ಅಳೆಯುತ್ತಿದ್ದುದು ಬೀಜವರಿಯಿಂದ. ಒಂದು ಖಂಡುಗ ಬೀಜ ಹಿಡಿಯುವ ಭೂಮಿ ಎಂದರೆ ಒಂದು ಖಂಡುಗದ ಗದ್ದೆ. ಖಂಡುಗವೆಂದರೆ ಇಪ್ಪತ್ತು ಕೊಳಗ. ಹೀಗೆ ಒಂದೇ ಪದ ಧಾನ್ಯದ ಅಳತೆಯೂ ಆಯಿತು, ನೆಲದ ಅಳತೆಯೂ ಆಯಿತು. ಕೊಳಗ ಊರಿನಿಂದ ಊರಿಗೆ ಹಿಗ್ಗಿ ಕುಗ್ಗಿದರೆ ಎರಡೂ ಲೆಕ್ಕ ಅಲುಗಾಡುತ್ತಿದ್ದವು. ಇದರ ಮೇಲೆ ವರಹ, ಹಣಗಳ ಲೆಕ್ಕ. ಹತ್ತು ಹಣಕ್ಕೆ ಒಂದು ವರಹ. ಭಿನ್ನರಾಶಿಗೆ ಕಾಲು, ಅರೆ, ಮುಕ್ಕಾಲು, ಹದಿನಾರರಲ್ಲಿ ಒಂದಕ್ಕೆ ವೀಸ, ಅರವತ್ತನಾಲ್ಕರಲ್ಲಿ ಒಂದಕ್ಕೆ ಕಾಣಿ. ಇವನ್ನೆಲ್ಲ ಬಾಯಲ್ಲೇ ಕೂಡಿ ಕಳೆಯಬಲ್ಲವನು ಊರಿಗೊಬ್ಬನಾದರೂ ಬೇಕಿತ್ತು. ಅವನೇ ಶಾನುಭೋಗ.

ಶಾನುಭೋಗನಿಗೆ ಕಲಿಸಿದವರು ಯಾರು? ಅರಮನೆ ಇದಕ್ಕೆಂದು ಶಾಲೆ ತೆರೆಯಲಿಲ್ಲ. ಕಲಿಕೆಯ ಮೊದಲ ಮೆಟ್ಟಿಲು ಕೂಲಿಮಠ. ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಕಾಗುಣಿತ ಮುಗಿಸಿ, ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಕಾಲು, ಅರೆ, ಮುಕ್ಕಾಲಿಗೂ ಮಗ್ಗಿ ಇತ್ತು. ಮುಂದೆ ಕಾಗದಪತ್ರದ ಒಕ್ಕಣೆ, ಲೆಕ್ಕ ಬರೆಯುವ ಕ್ರಮ. ಐಗಳು ಒಬ್ಬರೇ, ಆದ್ದರಿಂದ ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ರೂಢಿ. ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅಲ್ಲಿನ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು, ಹುಡುಗರೇ ಹುಡುಗರಿಗೆ ಕಲಿಸುವ ಪದ್ಧತಿಯನ್ನು ರೂಪಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಪ್ರಕಟಿಸಿದ. ನಮ್ಮ ಊರ ಜಗುಲಿಯ ಪಾಠ ಅಲ್ಲಿ ‘ಮದ್ರಾಸ್ ಪದ್ಧತಿ’ ಎಂಬ ಹೆಸರು ಪಡೆಯಿತು.

ಎರಡನೆಯ ಮೆಟ್ಟಿಲು ಮನೆ. ಶಾನುಭೋಗನ ಮಗ ತಂದೆಯ ಪಕ್ಕದಲ್ಲಿ ಕುಳಿತು ಕಡತ ಬಿಡಿಸುತ್ತಿದ್ದ. ಬಟ್ಟೆಗೆ ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ. ಬಳಪದಿಂದ ಬರೆದದ್ದನ್ನು ಒರೆಸಿ ತಿದ್ದಲೂ ಬರುತ್ತಿತ್ತು. ಯಾವ ಗದ್ದೆ ಯಾವ ತರ, ಯಾವ ತೋಟದ ದಾಯ ಎಷ್ಟು, ಯಾವುದು ಬೀಳು ಬಿದ್ದಿದೆ ಎಂಬುದೆಲ್ಲ ಅದರಲ್ಲಿತ್ತು. ಈ ಕಲಿಕೆಗೆ ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ; ಆದರೆ ಹತ್ತು ಹನ್ನೆರಡು ಜಮಾಬಂದಿ ಕಂಡ ಹುಡುಗ ತಪ್ಪು ಮಾಡುತ್ತಿರಲಿಲ್ಲ. ಮಾತು ಇಷ್ಟು ಕಾಲ ಬಾಳಿದ್ದು ಈ ಕಾರಣದಿಂದಲೇ. ಅದು ಕೆಲವೇ ಮನೆಗಳ ಸೊತ್ತಾಗಿ ಉಳಿದದ್ದೂ ಇದೇ ಕಾರಣದಿಂದ. ಕಲಿಸುವವನು ತಂದೆ, ಕಲಿಯುವವನು ಮಗ ಎಂದ ಮೇಲೆ ಉಳುವವನ ಮಗನಿಗೆ ಅಲ್ಲಿ ಜಾಗವೆಲ್ಲಿ? ಕಡತ ಅವನ ಭೂಮಿಯದು, ಓದು ಮಾತ್ರ ಬೇರೆಯವರದು.

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ಅರಸು ಹೋದರೂ ಲೆಕ್ಕದ ಮಾತು ಹೋಗಲಿಲ್ಲ. ಹೈದರನ ಬಹದ್ದೂರಿ ವರಹ ಕೂಡ ಇಕ್ಕೇರಿ ವರಹದ ಅಚ್ಚಿನದೇ. ಟಿಪ್ಪುವಿನ ಕಾಲದಲ್ಲಿ ಫಾರಸಿ, ಆಮೇಲೆ ಮರಾಠಿ ಲೆಕ್ಕದೊಳಗೆ ಬಂದವು. ಅರ್ಜಿ, ವಸೂಲಿ, ತಕರಾರು, ಜಪ್ತಿ ಇವೆಲ್ಲ ಕಚೇರಿಯಿಂದ ಮನೆಯೊಳಗೆ ಬಂದ ಪದಗಳು. 1799-1800ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹಳೆಯ ಕಡತಗಳನ್ನು ತೆಗೆಸಿ ಬಿದನೂರಿನ ಶಿಸ್ತನ್ನು ಹುಡುಕಿದ. 1801ರಲ್ಲಿ ನಗರಕ್ಕೆ ಬಂದ ಬುಕನನ್ ಕೂಡ ಅದನ್ನು ವಿಚಾರಿಸಿಕೊಂಡ. ಮೂಲ ಶಿಸ್ತಿನ ಮೇಲೆ ಮುಂದಿನವರು ‘ಪಟ್ಟಿ’ ಮೊದಲಾದ ಹೆಸರಿನಲ್ಲಿ ಹೇರಿದ ಹೆಚ್ಚುವರಿಗಳೇ ರೈತನನ್ನು ಹಣ್ಣು ಮಾಡಿದವು ಎನ್ನಬೇಕು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದುದಕ್ಕೆ ಕಂದಾಯದ ಕಿರುಕುಳವೇ ಮುಖ್ಯ ಕಾರಣ. ಮರು ವರ್ಷ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು.

1863ರಲ್ಲಿ ಆರಂಭವಾದ ಸರ್ವೆ ಹೊಸ ಭಾಷೆಯೊಂದನ್ನು ತಂದಿತು: ಎಕರೆ, ಗುಂಟೆ, ಸರ್ವೆ ನಂಬರು, ಖರಾಬು. ಐದು ವರ್ಷದ ಮೇಲೆ, 1868ರಲ್ಲಿ, ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಅದೇ ರೈಸ್ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಹೊಸ ಮೇಷ್ಟರುಗಳು ಎಲ್ಲಿಂದ ಬರಬೇಕು? ಊರಿನಲ್ಲಿ ಪಾಠ ಹೇಳುತ್ತಿದ್ದವರನ್ನೇ ಆರಿಸಿ ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಟ್ಟು ಮರಳಿ ಕಳಿಸುವುದು ಆಗ ಹಿಡಿದ ದಾರಿ. ಕಲಿಸುವವರಿಗೆ ಕಲಿಸುವ ಕೆಲಸವನ್ನು ಸರ್ಕಾರ ಹಳ್ಳಿಯ ಮಟ್ಟದಲ್ಲಿ ತನ್ನ ಹೊಣೆಯೆಂದು ಒಪ್ಪಿಕೊಂಡದ್ದು ಆಗ. ಆದರೆ ಈ ಶಾಲೆಯಲ್ಲಿ ಓದಿದ ಹುಡುಗನಿಗೆ ಪದ್ಯ ಬಂತು, ಗಣಿತ ಬಂತು. ಪಹಣಿಯ ಕಲಮುಗಳನ್ನು ಓದುವುದು ಬರಲಿಲ್ಲ. ಅದು ಶಾನುಭೋಗರ ಪೆಟ್ಟಿಗೆಯಲ್ಲೇ ಉಳಿಯಿತು.

ಇದರ ಬೆಲೆ ಏನೆಂಬುದು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಾಣಿಸಿತು. ಗೇಣಿ ಬತ್ತ ಅಳೆಯುವ ಕೊಳಗವೇ ಅಲ್ಲಿ ಜಗಳದ ಮೂಲ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ, ಸರಿಯಾದ ಅಳತೆ ಬೇಕು ಎಂಬುದು ಗೇಣಿದಾರ ದೀವರ ಬೇಡಿಕೆ. ಕರಾರಿನ ಮಾತು ಬದಲಾಗಿರಲಿಲ್ಲ. ಇಷ್ಟು ಖಂಡುಗ ಎಂದರೆ ಇಷ್ಟೇ ಖಂಡುಗ. ಪಾತ್ರೆ ಮಾತ್ರ ಬೆಳೆದಿತ್ತು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದಿಂದ ಹೊರಟ ಸತ್ಯಾಗ್ರಹವನ್ನು ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಎತ್ತಿಕೊಂಡರು. ಜೂನ್ ತಿಂಗಳಲ್ಲಿ ಬಂದ ರಾಮಮನೋಹರ ಲೋಹಿಯಾ ಅವರ ಬಂಧನವೂ ಆಯಿತು. ಇಕ್ಕೇರಿಯ ಮೆಟ್ಟಿಲಿನಂಥ ಒಂದು ಪ್ರಮಾಣ ಬತ್ತದ ಕಣದಲ್ಲಿ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಪರಂಪರೆಯ ಶಾನುಭೋಗಿಕೆ 1961ರ ಕಾಯ್ದೆಯಂತೆ 1963ರ ಫೆಬ್ರವರಿ 1ರಿಂದ ರದ್ದಾಯಿತು. ಅವರ ಸ್ಥಾನಕ್ಕೆ ಗ್ರಾಮ ಲೆಕ್ಕಿಗರು ಬಂದರು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರಿದ ಕಾಯ್ದೆಯೂ ಅದೇ 1963ರದು. ತಂದೆಯ ಪಕ್ಕದಲ್ಲಿ ಕುಳಿತು ಕಲಿತದ್ದನ್ನು ಈಗ ತರಬೇತಿಯಲ್ಲಿ, ನಮೂನೆಗಳ ಮೂಲಕ ಕಲಿಯಬೇಕಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ತನ್ನ ಹಕ್ಕನ್ನು ಕೇಳಬೇಕಾದದ್ದು ‘ಏಳನೇ ನಮೂನೆ’ಯಲ್ಲಿ. ಬಾಯಿಮಾತಿನ ಗೇಣಿಯಲ್ಲಿ ತಲೆಮಾರು ಕಳೆದವನು ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು ಎಲ್ಲವನ್ನೂ ಕಚೇರಿಯ ಮಾತಿನಲ್ಲಿ ಬರೆದುಕೊಡಬೇಕಿತ್ತು. ಬರೆದುಕೊಡುವವರು ಸಿಕ್ಕ ಊರಿನಲ್ಲಿ ಅರ್ಜಿ ಬಿದ್ದಿತು. ಸಿಗದ ಕಡೆ ಉಳುಮೆಯಿದ್ದೂ ಕಾಗದವಿಲ್ಲದಂತಾಯಿತು.

2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಈಗ ಸಾಗರದಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ ಹಣ ಕಟ್ಟಿದರೆ ಪಹಣಿ ಅಚ್ಚಾಗಿ ಕೈಗೆ ಬರುತ್ತದೆ. ಅದರ ಹನ್ನೊಂದನೆಯ ಕಲಮಿನಲ್ಲಿ ಋಣಗಳು, ಇತರ ಹಕ್ಕುಗಳು ಇರುತ್ತವೆ. ಆ ಕಾಗದವನ್ನು ಹಿಡಿದು ಕಚೇರಿಯ ಜಗುಲಿಯಲ್ಲಿ ನಿಂತವನು ಮೊದಲು ಹುಡುಕುವುದು ಅದನ್ನು ಓದಿ ಹೇಳುವವರನ್ನು.